ಕೂಡದ ಮೂಳೆಗೆ ಯಾವ ಕಸಿ?

ಬೈಕ್ ಜಾರುತ್ತದೆ, ಇಲ್ಲವೇ ಕಬಡ್ಡಿ ಅಂಕಣದಲ್ಲಿ ಹುಡುಗನೊಬ್ಬ ಮುಗ್ಗರಿಸುತ್ತಾನೆ. ಬೀಳುವಾಗ ಕೈ ತಾನಾಗಿ ಮುಂದಕ್ಕೆ ಚಾಚುತ್ತದೆ. ಅಂಗೈ ನೆಲಕ್ಕೆ ಊರಿ, ಮೈಭಾರವೆಲ್ಲ ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ಸ್ವಲ್ಪ ಊತ, ಸ್ವಲ್ಪ ನೋವು. ಕೈ ಸೊಟ್ಟಗಾಗಿಲ್ಲ, ಬೆರಳುಗಳೆಲ್ಲ ಆಡುತ್ತವೆ. ಉಳುಕಿರಬೇಕು ಎಂದುಕೊಂಡು ಮನೆಯವರು ಎಣ್ಣೆ ಹಚ್ಚಿ ನೀವುತ್ತಾರೆ, ಕ್ರೇಪ್ ಬ್ಯಾಂಡೇಜ್ ಸುತ್ತುತ್ತಾರೆ. ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದರೂ ಮೊದಲ ದಿನದ ಚಿತ್ರದಲ್ಲಿ ಬಿರುಕು ಕಾಣದೆ ಹೋಗುವುದುಂಟು. ಹದಿನೈದು ದಿನದಲ್ಲಿ ನೋವು ಇಳಿಯುತ್ತದೆ, ವಿಷಯ ಮರೆತೂ ಹೋಗುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ದಂಡ ಹೊಡೆಯುವಾಗಲೋ ತುಂಬಿದ ಗ್ಯಾಸ್ ಸಿಲಿಂಡರ್ ಎತ್ತುವಾಗಲೋ ಅದೇ ಜಾಗ ಚುಚ್ಚತೊಡಗುತ್ತದೆ. ಆಗ ತೆಗೆದ ಎಕ್ಸ್‌ರೇಯಲ್ಲಿ ಹೆಬ್ಬೆರಳ ಬುಡದ ಚಿಕ್ಕ ಮೂಳೆಯೊಂದು ಎರಡು ತುಂಡಾಗಿ ಕಾಣುತ್ತದೆ. ತುಂಡುಗಳ ಅಂಚು ನುಣುಪಾಗಿದೆ, ನಡುವೆ ಕಪ್ಪು ಬಿರುಕು. ಮುರಿದದ್ದು ಕೂಡಿಕೊಂಡೇ ಇಲ್ಲ.

ಆ ಮೂಳೆಯ ಹೆಸರು ಸ್ಕ್ಯಾಫಾಯ್ಡ್. ಮಣಿಕಟ್ಟಿನಲ್ಲಿ ಎರಡು ಸಾಲಾಗಿ ಕೂತ ಎಂಟು ಸಣ್ಣ ಮೂಳೆಗಳಲ್ಲಿ ಇದೂ ಒಂದು. ಉದ್ದ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಆದರೂ ಈ ಎಂಟರಲ್ಲಿ ಆಗುವ ಮುರಿತಗಳ ಪೈಕಿ ಸುಮಾರು ಶೇ. 60ರಿಂದ 70ರಷ್ಟು ಇದೊಂದರದ್ದೇ. ಕಾರಣ ಅದು ಕೂತಿರುವ ಜಾಗ. ಉಳಿದ ಮೂಳೆಗಳು ತಮ್ಮ ತಮ್ಮ ಸಾಲಿನೊಳಗೇ ಇದ್ದರೆ, ಇದು ಮಾತ್ರ ಎರಡು ಸಾಲುಗಳಿಗೂ ಅಡ್ಡಲಾಗಿ ಹಬ್ಬಿ ಎರಡನ್ನೂ ಹಿಡಿದುಕೊಂಡಿದೆ. ಮಣಿಕಟ್ಟು ಹಿಂದಕ್ಕೆ ಮಡಚಿದಾಗ ಒತ್ತಡವೆಲ್ಲ ಇದರ ನಡುವಿಗೇ ಬರುತ್ತದೆ. ಮುರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹದಿಹರೆಯ ದಾಟುತ್ತಿರುವ, ಇಲ್ಲವೇ ಇಪ್ಪತ್ತರ ಹರೆಯದ ಗಂಡುಮಕ್ಕಳು. ಮುಂದಿನ ನಲವತ್ತು ವರ್ಷ ಕೈಯನ್ನೇ ನಂಬಿ ದುಡಿಯಬೇಕಾದ ವಯಸ್ಸು ಅದು. ಇಷ್ಟು ಚಿಕ್ಕ ಮೂಳೆಯ ಬಗ್ಗೆ ಶಸ್ತ್ರವೈದ್ಯರು ಇಷ್ಟು ತಲೆಕೆಡಿಸಿಕೊಂಡಿರುವುದು ಇದೇ ಕಾರಣಕ್ಕೆ.

ಸಕಾಲಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡರೆ ಈ ಮುರಿತಗಳಲ್ಲಿ ಹತ್ತಕ್ಕೆ ಒಂಬತ್ತು ಕೂಡಿಕೊಳ್ಳುತ್ತವೆ. ಉಳಿದವು, ಮತ್ತು ಪ್ಲಾಸ್ಟರನ್ನೇ ಕಾಣದೆ ವರ್ಷಗಟ್ಟಲೆ ಉಳಿದುಹೋದವು, ಈ ಅಧ್ಯಾಯದ ವಸ್ತು. ಆರು ತಿಂಗಳಾದರೂ ಮೂಳೆ ಕೂಡದಿದ್ದರೆ ಇನ್ನು ತಾನಾಗಿ ಕೂಡದು ಎಂದು ವೈದ್ಯರು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಆಗ ಬೇರೆಡೆಯಿಂದ ಮೂಳೆ ತಂದು ಕಸಿ ಮಾಡಬೇಕು. ಎಲ್ಲಿಂದ ತರಬೇಕು, ಯಾವ ಆಕಾರದಲ್ಲಿ, ರಕ್ತನಾಳ ಸಮೇತವೋ ಇಲ್ಲದೆಯೋ ಎಂಬ ವಾದ ಸುಮಾರು ನೂರು ವರ್ಷಗಳಿಂದ ನಡೆದಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಕಸಿ ಯಾವುದೆಂದು ಹುಡುಕುವುದೇ ದಾರಿ ತಪ್ಪುವ ಮೊದಲ ಹೆಜ್ಜೆ. ಕೂಡದ ಪ್ರತಿಯೊಂದು ಮೂಳೆಯಲ್ಲೂ ಏನೋ ಒಂದು ಕೊರತೆಯಿದೆ. ಆ ಕೊರತೆ ಯಾವುದೆಂದು ಗೊತ್ತಾದ ಮೇಲಷ್ಟೇ ಕಸಿಯ ಮಾತು.

ರಕ್ತದ ದಾರಿ

ಬೇರೆ ಮೂಳೆಗಳು ಮುರಿದರೆ ಅವುಗಳ ಮೇಲಿನ ತೆಳು ಪೊರೆ ಹೊಸ ಮೂಳೆಯನ್ನು ಬೆಳೆಸಿ, ಮುರಿದ ಜಾಗದ ಸುತ್ತ ಗಂಟು ಕಟ್ಟುತ್ತದೆ. ತೋಳು ಮುರಿದು ಕೂಡಿದವರು ಆ ಉಬ್ಬನ್ನು ಕೈಯಿಂದ ಮುಟ್ಟಿ ನೋಡಿರುತ್ತಾರೆ. ಸ್ಕ್ಯಾಫಾಯ್ಡಿಗೆ ಆ ಅನುಕೂಲವಿಲ್ಲ. ಅದರ ಮೇಲ್ಮೈಯ ಶೇ. 80ರಷ್ಟು ಮೃದ್ವಸ್ಥಿಯಿಂದ ಮುಚ್ಚಿದೆ, ಸುತ್ತಲೂ ಕೀಲಿನ ದ್ರವ. ಹೊರಗಿನಿಂದ ಗಂಟು ಕಟ್ಟುವುದು ಸಾಧ್ಯವಿಲ್ಲ. ಎರಡು ತುಂಡುಗಳು ಅಲುಗದೆ ಒಂದಕ್ಕೊಂದು ಒತ್ತಿಕೊಂಡಿದ್ದು, ಒಳಗಿನಿಂದಲೇ ನೇರವಾಗಿ ಬೆಸೆದುಕೊಳ್ಳಬೇಕು.

ರಕ್ತದ ವಿಷಯ ಇನ್ನೂ ಕಷ್ಟದ್ದು. ರಕ್ತ ಮೊಣಕೈ ಕಡೆಯಿಂದ ಬೆರಳುಗಳ ಕಡೆಗೆ ಹರಿಯುವುದರಿಂದ, ಮೂಳೆಯ ಮುಂಗೈ ಕಡೆಯ ತುದಿಗೇ ಅದು ಮೊದಲು ಸಿಗಬೇಕೆಂದು ಯಾರಿಗಾದರೂ ಅನಿಸುತ್ತದೆ. 1980ರಲ್ಲಿ ಗೆಲ್ಬರ್‌ಮನ್ ಮತ್ತು ಮೆನನ್ ಪ್ರಕಟಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ಕೊಟ್ಟಿತು. ಮುಂಗೈಯ ಹೆಬ್ಬೆರಳ ಬದಿಯಲ್ಲಿ ಬರುವ ಧಮನಿ, ಅಂದರೆ ನಾಡಿ ಹಿಡಿದು ನೋಡುವ ಅದೇ ರಕ್ತನಾಳ, ಈ ಮೂಳೆಯ ಮೊದಲ ತುದಿಯನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಅದರ ಒಂದು ಕವಲು ಹಿಂಗೈ ಬದಿಯ ಏಣಿನಲ್ಲಿ ಮೂಳೆಯೊಳಗೆ ಹೊಕ್ಕು, ಅಲ್ಲಿಂದ ಹಿಂದಕ್ಕೆ ತಿರುಗುತ್ತದೆ. ಮೂಳೆಯ ಒಳಭಾಗದ ಶೇ. 70ರಿಂದ 80ರಷ್ಟಕ್ಕೆ, ಮುಂಗೈ ಕಡೆಯ ತುದಿ ಪೂರ್ತಿಯಾಗಿ ಸೇರಿದಂತೆ, ರಕ್ತ ಕೊಡುವುದು ಈ ಕವಲೇ. ಅಂಗೈ ಬದಿಯಿಂದ ಬರುವ ಇನ್ನೊಂದು ಕವಲು ಬೆರಳುಗಳ ಕಡೆಯ ಸ್ವಲ್ಪ ಭಾಗವನ್ನಷ್ಟೇ ನೋಡಿಕೊಳ್ಳುತ್ತದೆ.

ನಾಲೆಯ ಕೊನೆಯಂಚಿನ ರೈತನ ಪಾಡು ಕನ್ನಡ ನಾಡಿನವರಿಗೆ ಹೇಳಿಕೊಡಬೇಕಾದ್ದಲ್ಲ. ನಡುವೆ ಎಲ್ಲಿ ಏರಿ ಒಡೆದರೂ ನೀರು ನಿಲ್ಲುವುದು ಅವನ ಗದ್ದೆಗೆ. ಸ್ಕ್ಯಾಫಾಯ್ಡಿನ ಮುಂಗೈ ಕಡೆಯ ತುದಿ ಅಂಥ ಗದ್ದೆ. ಮೂಳೆ ನಡುವಿನಲ್ಲಿ ಮುರಿದರೆ ಆ ತುಂಡಿಗೆ ಬರುವ ರಕ್ತ ಕಡಿಮೆಯಾಗುತ್ತದೆ, ತುದಿಯ ಹತ್ತಿರವೇ ಮುರಿದರೆ ಪೂರ್ತಿ ನಿಂತೇ ಹೋಗಬಹುದು. ರಕ್ತವಿಲ್ಲದ ತುಂಡಿನ ಜೀವಕೋಶಗಳು ಸಾಯುತ್ತವೆ. ಸತ್ತ ತುಂಡಿನ ಆಕಾರ ಹಾಗೆಯೇ ಇರುತ್ತದೆ, ಬೆಸೆಯುವ ಶಕ್ತಿ ಮಾತ್ರ ಇರುವುದಿಲ್ಲ.

ರಕ್ತದ ಕೊರತೆಯ ಜೊತೆಗೆ ಆಕಾರದ ಕೊರತೆಯೂ ಸೇರಿಕೊಳ್ಳುತ್ತದೆ. ಮುರಿದ ಮೇಲೆ ಬೆರಳುಗಳ ಕಡೆಯ ತುಂಡು ಅಂಗೈಗೆ ಬಾಗುತ್ತದೆ, ಮುಂಗೈ ಕಡೆಯದು ಪಕ್ಕದ ಲ್ಯುನೇಟ್ ಮೂಳೆಯನ್ನು ಹಿಡಿದುಕೊಂಡು ಹಿಂದಕ್ಕೆ ವಾಲುತ್ತದೆ. ತಿಂಗಳುಗಟ್ಟಲೆ ಉಜ್ಜಾಡಿ ಅಂಗೈ ಬದಿಯ ಮೂಳೆ ಸವೆದು, ಇಡೀ ಸ್ಕ್ಯಾಫಾಯ್ಡ್ ಗಿಡ್ಡವಾಗಿ ಗೂನಾಗುತ್ತದೆ. ಅದನ್ನು ಆತುಕೊಂಡಿದ್ದ ಎರಡೂ ಸಾಲುಗಳ ಲೆಕ್ಕ ತಪ್ಪುತ್ತದೆ. ಮುಂದೇನಾಗುತ್ತದೆ ಎಂಬುದನ್ನು 1984ರಲ್ಲಿ ಮ್ಯಾಕ್ ಮತ್ತು ಸಂಗಡಿಗರು ಕೂಡದ 47 ಸ್ಕ್ಯಾಫಾಯ್ಡುಗಳನ್ನು ನೋಡಿ ದಾಖಲಿಸಿದರು. ಬದಲಾವಣೆ ಆ ಮೂಳೆಯೊಳಗಷ್ಟೇ ಇದ್ದವರಿಗೆ ಮುರಿದು ಸರಾಸರಿ 8 ವರ್ಷವಾಗಿತ್ತು. ಮುಂಗೈ ಮೂಳೆಯ ಜೊತೆಗಿನ ಕೀಲು ಸವೆದವರಿಗೆ 17 ವರ್ಷ. ಮಣಿಕಟ್ಟೆಲ್ಲ ಸಂಧಿವಾತಕ್ಕೆ ತುತ್ತಾದವರಿಗೆ 31 ವರ್ಷ ದಾಟಿತ್ತು. ಇಪ್ಪತ್ತರಲ್ಲಿ ಬಿದ್ದವನ ಮಣಿಕಟ್ಟು ಐವತ್ತರ ಆಸುಪಾಸಿಗೆ ಹಾಳಾಗುವ ದಾರಿ ಇದು. ಈಗ ನೋವು ಅಷ್ಟೇನಿಲ್ಲವಲ್ಲ ಎಂದು ಕೂಡದ ಮೂಳೆಯನ್ನು ಹಾಗೇ ಬಿಡಬಾರದು ಎಂದು ವೈದ್ಯರು ಒತ್ತಾಯಿಸುವುದರ ಹಿಂದೆ ಇಂಥ ಲೆಕ್ಕವಿದೆ.

ಗೂಟದಿಂದ ಬೆಣೆಯವರೆಗೆ

ಕಸಿ ಮಾಡಿದ ಮೂಳೆ ಮೂರು ಬಗೆಯಲ್ಲಿ ನೆರವಾಗಬಲ್ಲದು. ಹೊಸ ಮೂಳೆ ಹಬ್ಬಿಕೊಳ್ಳಲು ಹಂದರವಾಗುವುದು ಒಂದು. ಅಕ್ಕಪಕ್ಕದ ಎಳೆಯ ಜೀವಕೋಶಗಳನ್ನು ಮೂಳೆಕೋಶಗಳಾಗಿ ಬದಲಾಗಲು ಪ್ರಚೋದಿಸುವುದು ಇನ್ನೊಂದು. ಈ ಎರಡನೆಯ ಗುಣ ಮೂಳೆಯಲ್ಲೇ ಅಡಗಿದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿಕೊಟ್ಟರು. ಸುಣ್ಣದಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿಯೂ ಹೊಸ ಮೂಳೆ ಹುಟ್ಟುತ್ತಿತ್ತು. ಮೂರನೆಯದು, ಕಸಿಯ ಜೊತೆಗೇ ಬಂದ ಜೀವಂತ ಕೋಶಗಳು ತಾವೇ ಮೂಳೆ ಕಟ್ಟುವುದು. ಒಳಗಿನ ರಂಧ್ರಮಯ ಮೂಳೆಯಲ್ಲಿ ಜೀವಕೋಶ ಹೆಚ್ಚು, ಬಲ ಕಡಿಮೆ. ಹೊರಪದರದ ಗಟ್ಟಿ ಮೂಳೆಯಲ್ಲಿ ಬಲ ಹೆಚ್ಚು, ಅದರೊಳಕ್ಕೆ ಹೊಸ ರಕ್ತನಾಳ ಇಳಿಯುವುದು ನಿಧಾನ. ಕಸಿಯ ಇತಿಹಾಸವೆಲ್ಲ ಈ ಎರಡರ ನಡುವಿನ ಕೊಡುಕೊಳ್ಳುವಿಕೆಯೇ.

1928ರಲ್ಲಿ ಆಡಮ್ಸ್ ಮತ್ತು ಲಿಯೊನಾರ್ಡ್, 1934ರಲ್ಲಿ ಕೆನಡಾದ ಗಾರ್ಡನ್ ಮರ್ರೆ ಗಟ್ಟಿ ಮೂಳೆಯ ದಾರಿ ಹಿಡಿದರು. ಎರಡೂ ತುಂಡುಗಳ ಉದ್ದಕ್ಕೆ ತೂತು ಕೊರೆದು, ಅದರೊಳಗೆ ಮೂಳೆಯ ಸಣ್ಣ ಗೂಟ ಹೊಡೆಯುವ ಪದ್ಧತಿ. ಮರ್ರೆ ಆ ಗೂಟವನ್ನು ರೋಗಿಯ ಮೊಣಕಾಲಿನ ಕೆಳಗಿನ ಮೂಳೆಯಿಂದ ಕೆತ್ತಿ ತೆಗೆಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಹರ್ಮನ್ ಮಾಟಿ 1937ರಲ್ಲಿ ಬೇರೆ ದಾರಿ ಹಿಡಿದರು. ಹಿಂಗೈ ಬದಿಯಿಂದ ಒಳಹೋಗಿ, ಎರಡೂ ತುಂಡುಗಳ ಒಳಗನ್ನು ತೋಡಿ, ಸತ್ತ ಮೂಳೆಯನ್ನೂ ನಾರನ್ನೂ ಕೆರೆದು ತೆಗೆದು, ಆ ಗುಳಿಯೊಳಗೆ ರಂಧ್ರಮಯ ಮೂಳೆಯ ಚೂರುಗಳನ್ನು ತುಂಬಿದರು. ವಿಚಾರ ಸರಿಯಾಗಿತ್ತು, ದಾರಿ ಅಪಾಯದ್ದಾಗಿತ್ತು. ಮೂಳೆಗೆ ರಕ್ತ ಹೊಕ್ಕುವುದು ಹಿಂಗೈ ಬದಿಯ ಏಣಿನಿಂದಲೇ ಅಲ್ಲವೇ? ವಿಯೆನ್ನಾದ ಓಟೋ ರುಸ್ಸೆ 1960ರಲ್ಲಿ ಅದೇ ಕೆಲಸವನ್ನು ಅಂಗೈ ಬದಿಯಿಂದ ಮಾಡಿ ತೋರಿಸಿದರು. ಗಟ್ಟಿ ಪದರದ ಒಂದು ತುಣುಕನ್ನು ಗುಳಿಯೊಳಗೆ ಅಡ್ಡವಾಗಿ ಆನಿಸಿ, ಸುತ್ತ ರಂಧ್ರಮಯ ಮೂಳೆಯ ಚೂರುಗಳನ್ನು ತುರುಕುವುದು ಅವರ ವಿಧಾನ. ಮಾಟಿ–ರುಸ್ಸೆ ಎಂದು ಇಬ್ಬರ ಹೆಸರೂ ಸೇರಿಕೊಂಡು ದಶಕಗಳ ಕಾಲ ಇದೇ ಪ್ರಮಾಣವಾಗಿ ನಿಂತಿತು.

ರುಸ್ಸೆ ವಿಧಾನದಲ್ಲಿ ಮೂಳೆ ಕೂಡುತ್ತಿತ್ತು, ಗೂನು ಹಾಗೇ ಉಳಿಯುತ್ತಿತ್ತು. ಗೂನಾಗಿಯೇ ಬೆಸೆದ ಸ್ಕ್ಯಾಫಾಯ್ಡ್ ಮಣಿಕಟ್ಟನ್ನು ಪೂರ್ತಿ ಹಿಂದಕ್ಕೆ ಬಾಗಲು ಬಿಡುವುದಿಲ್ಲ. 1970ರಲ್ಲಿ ಇಂಗ್ಲೆಂಡಿನ ಜೆಫ್ರಿ ಫಿಸ್ಕ್ ಗಮನ ಸೆಳೆದದ್ದು ಇದರತ್ತಲೇ. ಬಾಗಿದ ತುಂಡುಗಳನ್ನು ನೇರಮಾಡಿದಾಗ ಅಂಗೈ ಬದಿಯಲ್ಲಿ ಬಾಯ್ದೆರೆಯುವ ಜಾಗಕ್ಕೆ ಬೆಣೆಯಾಕಾರದ ಮೂಳೆ ಇಡಬೇಕು ಎಂದರು. ಡಿಯೆಗೊ ಫರ್ನಾಂಡಿಸ್ 1984ರಲ್ಲಿ ಇದನ್ನು ಇನ್ನಷ್ಟು ಕರಾರುವಾಕ್ಕಾಗಿಸಿದರು. ರೋಗಿಯ ಇನ್ನೊಂದು ಕೈಯ ಎಕ್ಸ್‌ರೇ ತೆಗೆದು, ಸರಿಯಿದ್ದ ಸ್ಕ್ಯಾಫಾಯ್ಡಿನ ಉದ್ದ ಮತ್ತು ಕೋನ ಅಳೆದು, ಎಷ್ಟು ಮೂಳೆ ಕಳೆದುಹೋಗಿದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಆಮೇಲೆ ಸೊಂಟದ ಮೂಳೆಯ ಅಂಚಿನಿಂದ ಅದೇ ಅಳತೆಯ ತುಂಡನ್ನು ಕತ್ತರಿಸಿ ತಂದು ಕೂರಿಸಬೇಕು. ಶಸ್ತ್ರಕ್ರಿಯೆಗೆ ಮೊದಲು ಕಾಗದದ ಮೇಲೆ ಮಾಡುವ ಈ ಲೆಕ್ಕ ನನಗೆ ಬಹಳ ಹಿಡಿಸುತ್ತದೆ. ಕೆಟ್ಟ ಕೈಗೆ ಮಾದರಿ ಅದೇ ಮನುಷ್ಯನ ಒಳ್ಳೆಯ ಕೈಯಲ್ಲೇ ಇತ್ತು.

ಅದೇ 1984ರಲ್ಲಿ ಆಸ್ಟ್ರೇಲಿಯಾದ ತಿಮೋತಿ ಹರ್ಬರ್ಟ್, ಫಿಶರ್ ಜೊತೆಗೂಡಿ ಪ್ರಕಟಿಸಿದ ತಿರುಪು ಈ ಕಥೆಯನ್ನೇ ಬದಲಿಸಿತು. ಅದಕ್ಕೆ ತಲೆಯಿಲ್ಲ, ಎರಡು ಕೊನೆಗಳಲ್ಲೂ ಮರೆಯಿದೆ. ಮುಂದಿನ ಕೊನೆಯ ಮರೆಗಳ ಅಂತರ ಹೆಚ್ಚು, ಹಿಂದಿನದರದ್ದು ಕಡಿಮೆ. ಒಂದು ಸುತ್ತು ತಿರುಗಿಸಿದರೆ ಮುಂದಿನ ಕೊನೆ ತನ್ನ ತುಂಡಿನಲ್ಲಿ ಹೆಚ್ಚು ದೂರ ಸಾಗುತ್ತದೆ, ಹಿಂದಿನದು ಕಡಿಮೆ ದೂರ. ಹೀಗೆ ಎರಡು ತುಂಡುಗಳೂ ಒಂದರತ್ತ ಒಂದು ಎಳೆದುಕೊಂಡು ಒತ್ತಿಕೊಳ್ಳುತ್ತವೆ. ತಲೆಯಿಲ್ಲದ್ದರಿಂದ ಇಡೀ ತಿರುಪು ಮೃದ್ವಸ್ಥಿಯ ಕೆಳಗೆ ಹುದುಗಿ ಕೂರುತ್ತದೆ, ಕೀಲಿಗೆ ತಗಲುವುದಿಲ್ಲ. ಕಸಿಗಳ ಹೋಲಿಕೆಯಲ್ಲಿ ಈ ತಿರುಪಿಗೆ ಏನು ಕೆಲಸ ಎಂದು ಕೇಳಬಹುದು. 2002ರಲ್ಲಿ ಮೆರಿಲ್, ವುಲ್ಫ್ ಮತ್ತು ಸ್ಲೇಡ್ ಆವರೆಗಿನ 36 ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಲುಗಾಡುವ ತುಂಡುಗಳಲ್ಲಿ ಬೆಣೆಕಸಿಯನ್ನು ಬರಿಯ ತಂತಿಗಳಿಂದ ಹಿಡಿಸಿದ್ದರೆ ಶೇ. 77ರಷ್ಟು ಕೂಡಿದ್ದವು, ಕಸಿಯ ಜೊತೆ ತಿರುಪು ಹಾಕಿದ್ದರೆ ಶೇ. 94ರಷ್ಟು. ಕಸಿ ವಿಫಲವಾಯಿತು ಎಂದು ಹಿಂದೆ ಬರೆದಿಟ್ಟ ಎಷ್ಟೋ ಕಡೆ ವಿಫಲವಾದದ್ದು ಹಿಡಿತವಿರಬಹುದು.

ತಿರುಪಿನ ಹಿಡಿತ ಬಲವಾದ ಮೇಲೆ, ಬೆಣೆಯ ಗಟ್ಟಿ ಮೂಳೆ ಬೇಕೇ ಬೇಕೇ ಎಂಬ ಅನುಮಾನವೂ ಬಂತು. 2013ರಲ್ಲಿ ಕೋಹೆನ್, ಜುಪಿಟರ್ ಮುಂತಾದವರು ಗೂನಾದ 12 ಸ್ಕ್ಯಾಫಾಯ್ಡುಗಳನ್ನು ನೇರಮಾಡಿ, ಬೆಣೆಯಿಲ್ಲದೆ ರಂಧ್ರಮಯ ಮೂಳೆಯ ಚೂರುಗಳನ್ನೇ ಒತ್ತಿ ತುಂಬಿ, ತಿರುಪು ಹಾಕಿದರು. ಹನ್ನೆರಡೂ ಕೂಡಿದವು. ಸಂಖ್ಯೆ ಚಿಕ್ಕದು, ನಿಜ. ಆದರೂ ಎಪ್ಪತ್ತೈದು ವರ್ಷ ಹಿಂದಿನ ಮಾಟಿಯ ವಿಚಾರ, ಅವರ ಕಾಲದಲ್ಲಿಲ್ಲದ ತಿರುಪಿನ ಆಸರೆಯಿಂದ ಮತ್ತೆ ಎದ್ದು ಬಂದದ್ದು ವಿಜ್ಞಾನದಲ್ಲಿ ಆಗಾಗ ಕಾಣುವ ಸಂತೋಷದ ಸಂಗತಿ.

ಮೂಳೆಯನ್ನು ಎಲ್ಲಿಂದ ತೆಗೆಯಬೇಕು ಎಂಬುದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಸೊಂಟದ ಅಂಚಿನಲ್ಲಿ ಬೇಕಾದಷ್ಟು ಮೂಳೆ, ಒಳ್ಳೆಯ ಬಲ. ಮುಂಗೈ ಮೂಳೆಯ ತುದಿಯಲ್ಲಿ ರಂಧ್ರಮಯ ಮೂಳೆ ಸಾಕಷ್ಟು ಸಿಗುತ್ತದೆ, ಗಟ್ಟಿ ತುಂಡು ಅಷ್ಟಾಗಿ ಸಿಗದು. ಕೂಡುವ ಪ್ರಮಾಣದಲ್ಲಿ ಇವೆರಡಕ್ಕೆ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ರೋಗಿಯ ಅನುಭವದಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ. ಮುಂಗೈಯಿಂದ ತೆಗೆದರೆ ತೋಳೊಂದನ್ನೇ ಮರಗಟ್ಟಿಸಿ ಎಲ್ಲ ಮುಗಿಸಬಹುದು. ಸೊಂಟದಿಂದ ತೆಗೆದರೆ ಇನ್ನೊಂದು ಗಾಯ, ಕೆಲವರಿಗೆ ಕೈಗಿಂತ ಹೆಚ್ಚು ಕಾಲ ಕಾಡುವ ನೋವು, ಒಮ್ಮೊಮ್ಮೆ ತೊಡೆಯ ಹೊರಬದಿಯಲ್ಲಿ ಜೋಮು. ಪಂಚೆಯ ಗಂಟೋ ಪ್ಯಾಂಟಿನ ಬೆಲ್ಟೋ ಕೂರುವುದು ಸರಿಯಾಗಿ ಆ ಏಣಿನ ಮೇಲೆಯೇ.

ಜೀವವಿರುವ ಮೂಳೆ

ಇಷ್ಟು ಹೊತ್ತು ಹೇಳಿದ ಕಸಿಗಳೆಲ್ಲ ತಮ್ಮ ರಕ್ತನಾಳವನ್ನು ಕಡಿದುಕೊಂಡು ಬಂದವು. ಅವುಗಳೊಳಗಿನ ಹೆಚ್ಚಿನ ಕೋಶಗಳು ಸಾಯುತ್ತವೆ. ಸುತ್ತಲಿನ ಜೀವಂತ ಮೂಳೆಯಿಂದ ರಕ್ತನಾಳಗಳು ಹಬ್ಬಿ ಬಂದು ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುತ್ತವೆ. ಒಂದು ಬದಿಯ ಮೂಳೆಯೇ ಸತ್ತಿದ್ದರೆ? ಈ ಪ್ರಶ್ನೆಗೆ 1985ರಲ್ಲಿ ಅಮೆರಿಕದ ಡೇವಿಡ್ ಗ್ರೀನ್ ಕೊಟ್ಟ ಉತ್ತರ ಕಠೋರವಾಗಿತ್ತು. ಶಸ್ತ್ರಕ್ರಿಯೆಯ ನಡುವೆ ಮುಂಗೈ ಕಡೆಯ ತುಂಡಿನಲ್ಲಿ ರಕ್ತದ ಹನಿ ಒಸರುತ್ತದೆಯೇ ಎಂದು ಅವರು ನೋಡಿದರು. ಚೆನ್ನಾಗಿ ಒಸರಿದ ತುಂಡುಗಳಲ್ಲಿ ಹತ್ತಕ್ಕೆ ಒಂಬತ್ತು ರುಸ್ಸೆ ಕಸಿಯಿಂದ ಕೂಡಿದ್ದವು. ಒಂದು ಹನಿಯೂ ಒಸರದ ಐದರಲ್ಲಿ ಒಂದೂ ಕೂಡಲಿಲ್ಲ.

ಹಾಗಾದರೆ ರಕ್ತನಾಳ ಸಮೇತ ಮೂಳೆಯನ್ನೇ ತಂದರಾಯಿತು. ಅರ್ಜೆಂಟೀನಾದ ಕಾರ್ಲೋಸ್ ಝೈಡೆಂಬರ್ಗ್ ಮತ್ತು ಸಂಗಡಿಗರು 1991ರಲ್ಲಿ ಅದಕ್ಕೊಂದು ಸುಂದರ ಉಪಾಯ ಪ್ರಕಟಿಸಿದರು. ಮುಂಗೈ ಮೂಳೆಯ ಹಿಂಬದಿಯಲ್ಲಿ, ಹೆಬ್ಬೆರಳ ಕಡೆಗೆ, ಎರಡು ಸ್ನಾಯುರಜ್ಜು ಕವಚಗಳ ನಡುವೆ ಮೂಳೆಗೆ ಅಂಟಿಕೊಂಡೇ ಸಾಗುವ ಬಲು ತೆಳುವಾದ ಧಮನಿಯೊಂದಿದೆ. ಅದರ ಕೆಳಗಿನ ಮೂಳೆಯ ತುಂಡನ್ನು ಧಮನಿ ಬಿಡಿಸದೆ ಕತ್ತರಿಸಿ, ಧಮನಿಯನ್ನೇ ತೊಟ್ಟಾಗಿ ಉಳಿಸಿಕೊಂಡು, ತಿರುಗಿಸಿ ಸ್ಕ್ಯಾಫಾಯ್ಡಿನೊಳಗೆ ಕೂರಿಸುವುದು. ಸೂಕ್ಷ್ಮದರ್ಶಕ ಬೇಡ, ರಕ್ತನಾಳ ಹೊಲಿಯುವುದು ಬೇಡ, ಗಾಯವೂ ಮಣಿಕಟ್ಟಿನ ಸುತ್ತಮುತ್ತಲಷ್ಟೇ. ಅವರು ಚಿಕಿತ್ಸೆ ಮಾಡಿದ 11 ಮಂದಿಯಲ್ಲಿ ಹನ್ನೊಂದೂ ಕೂಡಿದವು, ಅದೂ ಸರಾಸರಿ ಆರು ವಾರಗಳ ಸುಮಾರಿಗೆ. ಜಗತ್ತಿನ ಕೈ ಶಸ್ತ್ರವೈದ್ಯರು ಇದನ್ನು ತೆರೆದ ಕೈಗಳಿಂದ ಬರಮಾಡಿಕೊಂಡರು.

ಮುಂದಿನ ಹದಿನೈದು ವರ್ಷ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಯಬೇಕಾದ ಭಾಗ. ಬೇರೆಯವರು ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಇಂಗ್ಲೆಂಡಿನಲ್ಲಿ ಸ್ಟ್ರಾ, ಡೇವಿಸ್ ಮತ್ತು ಡಯಾಸ್ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ 22ರಲ್ಲಿ ಕೂಡಿದ್ದು 6 ಮಾತ್ರ. ತುದಿ ಸತ್ತಿದ್ದ 16ರಲ್ಲಿ ಎರಡೇ ಎರಡು. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2006ರಲ್ಲಿ ತಮ್ಮ 48 ಪ್ರಕರಣಗಳಲ್ಲಿ 34 ಕೂಡಿದವು ಎಂದು ಬರೆದರು. ತುದಿ ಸತ್ತಿದ್ದವುಗಳಲ್ಲಿ ಅರ್ಧ ಮಾತ್ರ. ತಮ್ಮ ಸೋಲುಗಳನ್ನು ಅವರು ಬಿಚ್ಚಿ ನೋಡಿದ್ದು ದೊಡ್ಡ ಉಪಕಾರ. ಗೂನು ಇದ್ದಲ್ಲಿ, ತಿರುಪಿನ ಹಿಡಿತ ಇಲ್ಲದಲ್ಲಿ, ರೋಗಿಗೆ ತಂಬಾಕಿನ ಅಭ್ಯಾಸವಿದ್ದಲ್ಲಿ ಸೋಲು ಹೆಚ್ಚಾಗಿತ್ತು. ಝೈಡೆಂಬರ್ಗರ ತುಂಡು ಚಿಕ್ಕದು, ತೆಳುವಾದದ್ದು. ಅದು ರಕ್ತ ತರುತ್ತದೆ, ಗೂನನ್ನು ಎತ್ತಿ ಹಿಡಿಯುವ ಬಲ ಅದಕ್ಕಿಲ್ಲ. ತೊಟ್ಟು ಹಿಂಗೈಯಲ್ಲಿ, ಗೂನು ಸರಿಪಡಿಸಬೇಕಾದದ್ದು ಅಂಗೈ ಬದಿಯಲ್ಲಿ. ಎಳೆದು ತಿರುಚಿದರೆ ಕೂದಲೆಳೆಯಷ್ಟು ತೆಳುವಾದ ನಾಳದಲ್ಲಿ ರಕ್ತವೇ ನಿಲ್ಲಬಹುದು.

ರಕ್ತವೂ ಬೇಕು, ಬಲವೂ ಬೇಕು ಎಂದರೆ ಮೊಣಕಾಲಿಗೆ ಹೋಗಬೇಕು. ತೊಡೆಮೂಳೆಯ ಕೆಳತುದಿಯ ಒಳಬದಿಯ ಉಬ್ಬಿಗೆ ರಕ್ತ ಕೊಡುವ ಧಮನಿಯ ಸಮೇತ ಅಲ್ಲಿಂದ ಗಟ್ಟಿ ಮೂಳೆಯ ತುಂಡನ್ನು ಪೂರ್ತಿ ಬಿಡಿಸಿ ತಂದು, ಬೆಣೆಯಾಗಿ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ಅದರ ಧಮನಿಯನ್ನು ಮಣಿಕಟ್ಟಿನ ಧಮನಿಗೆ, ಅಭಿಧಮನಿಯನ್ನು ಅಭಿಧಮನಿಗೆ ಹೊಲಿಯುವುದು. ಜಪಾನಿನ ಕಝುತೆರು ದೊಯಿ 2000ದಲ್ಲಿ ಇದನ್ನು ಸ್ಕ್ಯಾಫಾಯ್ಡಿಗೆ ಮಾಡಿದ ವರದಿ ಕೊಟ್ಟರು. 2008ರಲ್ಲಿ ಜೋನ್ಸ್, ಬ್ಯೂರ್ಗರ್, ಬಿಷಪ್ ಮತ್ತು ಶಿನ್ ಈ ಎರಡು ಜೀವಂತ ಕಸಿಗಳನ್ನು ಎದುರುಬದುರು ಇಟ್ಟು ನೋಡಿದರು. ಎಲ್ಲವೂ ತುದಿ ಸತ್ತು, ಗೂನೂ ಆಗಿದ್ದ ಪ್ರಕರಣಗಳು. ಮುಂಗೈಯಿಂದ ತಿರುಗಿಸಿದ ಕಸಿ 10ರಲ್ಲಿ 4ನ್ನು ಕೂಡಿಸಿತು, ಮೊಣಕಾಲಿನದು 12ಕ್ಕೆ 12ನ್ನೂ. ರೋಗಿಗಳನ್ನು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ ಇದು ಎಂಬುದನ್ನು ಮರೆಯಬಾರದು. ಆದರೂ ಇಷ್ಟು ಅಗಲದ ಅಂತರವನ್ನು ತಳ್ಳಿಹಾಕಲು ಬರುವುದಿಲ್ಲ.

ತುದಿಯೇ ಪುಡಿಯಾಗಿದ್ದರೆ ಅದೇ ಮೊಣಕಾಲಿನಿಂದ ಮೃದ್ವಸ್ಥಿಯೂ ಅಂಟಿಕೊಂಡಿರುವ ಮೂಳೆಯನ್ನು ತಂದು ಹೊಸ ತುದಿಯನ್ನೇ ಕಟ್ಟಬಹುದು. 2013ರಲ್ಲಿ ಬ್ಯೂರ್ಗರ್, ಹಿಗ್ಗಿನ್ಸ್ ಮುಂತಾದವರು ಹೀಗೆ ಮಾಡಿದ 16ರಲ್ಲಿ 15 ಕೂಡಿದವು.

ಸತ್ತದ್ದು ಎಂದರೆ ಎಷ್ಟು ಸತ್ತದ್ದು?

ಇಷ್ಟಾದ ಮೇಲೆ ತೀರ್ಪು ಸುಲಭ ಅನಿಸಬಹುದು: ತುದಿ ಬದುಕಿದ್ದರೆ ಸಾದಾ ಕಸಿ, ಸತ್ತಿದ್ದರೆ ರಕ್ತನಾಳದ ಕಸಿ. ಮೆರಿಲ್ ಅವರ 2002ರ ಲೆಕ್ಕವೂ ಹಾಗೇ ಹೇಳಿತ್ತು. ತುದಿ ಸತ್ತಿದ್ದಲ್ಲಿ ರಕ್ತನಾಳದ ಕಸಿಯಿಂದ ಶೇ. 88, ತಿರುಪು ಮತ್ತು ಸಾದಾ ಬೆಣೆಯಿಂದ ಶೇ. 47. ಬಹುಕಾಲ ಇದೇ ಪಾಠವಾಗಿತ್ತು. 2016ರಲ್ಲಿ ಫರ್ಗ್ಯುಸನ್ ಮತ್ತು ಸಂಗಡಿಗರು 5000ಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟು ಹಾಕಿದಾಗ ಅಂತರ ಕುಗ್ಗಿತು. ತುದಿ ಸತ್ತಲ್ಲಿ ಶೇ. 74 ಮತ್ತು 62. ಎಲ್ಲ ಬಗೆಯ ಮುರಿತಗಳನ್ನೂ ಸೇರಿಸಿ ನೋಡಿದರೆ ಎರಡೂ ತೊಂಬತ್ತರ ಆಸುಪಾಸಿನಲ್ಲೇ ಇದ್ದವು.

2018ರಲ್ಲಿ ನ್ಯೂಯಾರ್ಕಿನಿಂದ ಬಂದ ವರದಿ ಇನ್ನೂ ಮುಂದೆ ಹೋಯಿತು. ರ್‍ಯಾನ್ಸಿ, ವುಲ್ಫ್ ಮುಂತಾದವರು 35 ಮಂದಿಗೆ ರಕ್ತನಾಳವಿಲ್ಲದ ಸಾದಾ ಕಸಿಯನ್ನೇ ಮಾಡಿದರು. ತುದಿಯ ಸ್ಥಿತಿಯನ್ನು ಎಂಆರ್‌ಐಯಲ್ಲಿ ನೋಡಿದರು, ಶಸ್ತ್ರಕ್ರಿಯೆಯಲ್ಲಿ ಹನಿ ಒಸರುವುದನ್ನು ನೋಡಿದರು, ಚೂರು ತೆಗೆದು ಸೂಕ್ಷ್ಮದರ್ಶಕದಲ್ಲೂ ನೋಡಿದರು. ರಕ್ತ ಕಡಿಮೆಯಾಗಿದ್ದ, ಒಳಗೆ ಸಾಕಷ್ಟು ಸತ್ತಿದ್ದ ತುಂಡುಗಳೂ ಅವುಗಳಲ್ಲಿದ್ದವು. 33 ಕೂಡಿದವು. ಸೂಕ್ಷ್ಮದರ್ಶಕದಲ್ಲಿ ಕಂಡ ಸತ್ತ ಮೂಳೆಯ ಪಕ್ಕದಲ್ಲೇ ಹೊಸ ಮೂಳೆ ಕಟ್ಟುವ ಕೆಲಸವೂ ನಡೆಯಬಹುದು. ಮೂರು ಪರೀಕ್ಷೆಗಳೂ ಒಂದೇ ಮಾತು ಹೇಳುವುದಿಲ್ಲ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು: ನಲವತ್ತು ವರ್ಷಗಳಿಂದ ಬರೆಯುತ್ತ ಬಂದ ‘ತುದಿ ಸತ್ತಿತ್ತು’ ಎಂಬ ಮಾತಿನಲ್ಲಿ ಒಬ್ಬೊಬ್ಬರ ಅಳತೆಗೋಲು ಒಂದೊಂದು. ಒಬ್ಬರಿಗೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡರೆ ಸತ್ತದ್ದು, ಇನ್ನೊಬ್ಬರಿಗೆ ಎಂಆರ್‌ಐಯಲ್ಲಿ ಕಪ್ಪಾದರೆ, ಮತ್ತೊಬ್ಬರಿಗೆ ಹನಿ ಒಸರದಿದ್ದರೆ. ಗ್ರೀನ್ ಅವರ ಐದು ಸೋಲುಗಳ ಕಾಲಕ್ಕೆ ತಿರುಪಿನ ಬಳಕೆ ಹೊಸದು. ಅವು ರಕ್ತವಿಲ್ಲದ್ದರಿಂದ ಸೋತವೋ, ಹಿಡಿತವಿಲ್ಲದ್ದರಿಂದಲೋ ಎಂದು ಈಗ ಬಿಡಿಸಿ ಹೇಳಲಾಗದು. ಜೊತೆಗೆ ಈ ವರದಿಗಳಲ್ಲಿ ಹೆಚ್ಚಿನವು ಒಬ್ಬ ವೈದ್ಯರು, ಒಂದು ಆಸ್ಪತ್ರೆ, ಹತ್ತಿಪ್ಪತ್ತು ರೋಗಿಗಳು ಎಂಬ ಅಳತೆಯವು. ಗೆಲುವು ಬೇಗ ಅಚ್ಚಾಗುತ್ತದೆ, ಸೋಲು ಕಡತದಲ್ಲೇ ಉಳಿಯುತ್ತದೆ. 22ರಲ್ಲಿ 6 ಎಂದು ಬರೆದು ಪ್ರಕಟಿಸಿದವರ ಬಗ್ಗೆ ನನಗೆ ಗೌರವ ಹೆಚ್ಚಾಗುವುದು ಇಲ್ಲೇ.

ಆದ್ದರಿಂದ ಇಂದು ಎದುರಿಗೆ ಕೂಡದ ಸ್ಕ್ಯಾಫಾಯ್ಡ್ ಇದ್ದರೆ ನಾನು ಒಪ್ಪುವ ಕ್ರಮ ಹೀಗೆ. ತುಂಡುಗಳು ಜಾರಿಲ್ಲ, ಗೂನಿಲ್ಲ, ರಕ್ತವಿದೆ ಎಂದಾದರೆ ಮುಂಗೈಯಿಂದಲೇ ತೆಗೆದ ರಂಧ್ರಮಯ ಮೂಳೆ ಮತ್ತು ಒಂದು ಒಳ್ಳೆಯ ತಿರುಪು ಸಾಕು. ಗೂನಿದ್ದರೆ ಅದನ್ನು ಎತ್ತಿ ನೇರಮಾಡುವುದೇ ಮೊದಲ ಕೆಲಸ. ಬೆಣೆಯನ್ನು ಸೊಂಟದಿಂದ ತರಬಹುದು. ಎಂಆರ್‌ಐಯಲ್ಲಿ ತುದಿ ಕಪ್ಪಾಗಿ ಕಂಡ ಮಾತ್ರಕ್ಕೆ ದೊಡ್ಡ ಕಸಿಗೆ ಓಡಬೇಕಾಗಿಲ್ಲ. ತುದಿಯೂ ಸತ್ತು ಮೂಳೆಯೂ ಕುಸಿದಿರುವವರಿಗೆ, ಒಮ್ಮೆ ಕಸಿ ಮಾಡಿಸಿಕೊಂಡು ಸೋತವರಿಗೆ ಮೊಣಕಾಲಿನ ಜೀವಂತ ಕಸಿಯ ದಾರಿಯಿದೆ. ಅದಕ್ಕೆ ಸೂಕ್ಷ್ಮ ರಕ್ತನಾಳ ಹೊಲಿಯಬಲ್ಲ ತಂಡ, ಹಲವು ಗಂಟೆಗಳ ಶಸ್ತ್ರಕ್ರಿಯೆ, ಅದರ ಖರ್ಚು ಎಲ್ಲ ಬೇಕು. ಕೀಲೇ ಸವೆದುಹೋಗಿದ್ದರೆ ಯಾವ ಕಸಿಯೂ ಬೇಡ. ಆಗ ಕೆಲವು ಮೂಳೆಗಳನ್ನು ತೆಗೆಯುವ ಅಥವಾ ಒಟ್ಟಿಗೆ ಬೆಸೆಯುವ ಬೇರೆ ಶಸ್ತ್ರಕ್ರಿಯೆಗಳಿವೆ.

ಇನ್ನು, ಕಸಿಯವರೆಗೆ ಬರದಿರುವ ದಾರಿ. ಹೆಬ್ಬೆರಳನ್ನು ಚಾಚಿ ಎತ್ತಿದಾಗ ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಬೀಳುವ ಕುಳಿಯೇ ಸ್ಕ್ಯಾಫಾಯ್ಡಿನ ವಿಳಾಸ. ಬಿದ್ದ ಮೇಲೆ ಅಲ್ಲಿ ಒತ್ತಿದಾಗ ನೋವಿದ್ದರೆ, ಎಕ್ಸ್‌ರೇ ಸರಿಯಿದೆ ಎಂದರೂ ಕೈಗೆ ಪ್ಲಾಸ್ಟರ್ ಹಾಕಿಸಿ ಹತ್ತು–ಹದಿನಾಲ್ಕು ದಿನ ಬಿಟ್ಟು ಮತ್ತೆ ಚಿತ್ರ ತೆಗೆಸಬೇಕು, ಸಾಧ್ಯವಿದ್ದರೆ ಎಂಆರ್‌ಐ ಮಾಡಿಸಬೇಕು. ನೀವಿಸಿಕೊಳ್ಳಲೇಬಾರದು. ಎಲ್ಲ ಮುರಿತಕ್ಕೂ ತಕ್ಷಣ ತಿರುಪು ಬೇಕೆಂದೂ ಅಲ್ಲ. ಬ್ರಿಟನ್ನಿನ 31 ಆಸ್ಪತ್ರೆಗಳಲ್ಲಿ 439 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ನಡುವಿನಲ್ಲಿ ಮುರಿದು ಎರಡು ಮಿಲಿಮೀಟರಿಗಿಂತ ಹೆಚ್ಚು ಜಾರದ ಮೂಳೆಗಳಿಗೆ ಮೊದಲು ಪ್ಲಾಸ್ಟರ್ ಹಾಕಿ, ಕೂಡದಿದ್ದರೆ ಮಾತ್ರ ತಡಮಾಡದೆ ತಿರುಪು ಹಾಕಿದವರ ಕೈಯೂ ವರ್ಷದ ಕೊನೆಗೆ ಅಷ್ಟೇ ಚೆನ್ನಾಗಿತ್ತು. ಆ ‘ತಡಮಾಡದೆ’ ಎಂಬುದು ಮುಖ್ಯ. ಮುರಿತ ಹಳೆಯದಾದಷ್ಟೂ ಕೂಡುವ ಸಾಧ್ಯತೆ ಇಳಿಯುತ್ತದೆ, ಕಸಿ ಯಾವುದೇ ಇರಲಿ.

ಕಸಿ ಬೇಕೇ ಆದವರು ವೈದ್ಯರ ಜೊತೆ ಮಾತಾಡುವಾಗ ತಮ್ಮ ಕೆಲಸ ಯಾವುದೆಂದು ಬಿಡಿಸಿ ಹೇಳಬೇಕು. ಮೊಣಕಾಲಿನ ಮೂಳೆ ತೆಗೆದ ಜಾಗ ಹೆಚ್ಚಿನವರಲ್ಲಿ ತಿಂಗಳುಗಳೊಳಗೆ ಸರಿಹೋಗುತ್ತದೆ ಎಂದು ಪಾಶ್ಚಾತ್ಯ ವರದಿಗಳು ಹೇಳುತ್ತವೆ. ಆದರೆ ಕುಕ್ಕರುಗಾಲಲ್ಲಿ ಕೂತು ಟೈಲ್ಸ್ ಹಾಕುವವನಿಗೆ, ಚಕ್ಕಳಮಕ್ಕಳ ಹಾಕಿ ಮಗ್ಗ ನಡೆಸುವವನಿಗೆ, ನಾಟಿ ಹಾಕುವ ಹೆಣ್ಣುಮಗಳಿಗೆ ಮೊಣಕಾಲು ಎಂದರೆ ಕೈಯಷ್ಟೇ ಕಸುಬಿನ ಅಂಗ. ಕುರ್ಚಿಯ ಮೇಲೆ ಕೂತು ಕೀಲಿಮಣೆ ಒತ್ತುವವರಿಗೆ ಒಪ್ಪುವ ಆಯ್ಕೆ ಇವರಿಗೂ ಒಪ್ಪಬೇಕೆಂದಿಲ್ಲ. ಬೀಡಿ, ಸಿಗರೇಟು ಸೇದುವವರು ಅದನ್ನು ಶಸ್ತ್ರಕ್ರಿಯೆಗೆ ಮೊದಲೇ ಬಿಡಬೇಕು, ಕೂಡುವವರೆಗೆ ಮುಟ್ಟಬಾರದು. ತಂಬಾಕು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕಸಿ ಕಾಯುತ್ತಿರುವುದು ಆ ನಾಳಗಳಿಗೇ.

ಶಸ್ತ್ರಕ್ರಿಯೆಯ ಮೇಲೆ ಕೈ ಮತ್ತೆ ವಾರಗಟ್ಟಲೆ ಪ್ಲಾಸ್ಟರಿನಲ್ಲಿರುತ್ತದೆ. ನೋವು ಹೋಯಿತು ಎಂಬುದು ಕೂಡಿದ್ದಕ್ಕೆ ಸಾಕ್ಷಿಯಲ್ಲ, ಎಕ್ಸ್‌ರೇಯೂ ಈ ವಿಷಯದಲ್ಲಿ ಮೋಸ ಮಾಡಬಹುದು. ಮೂರು ತಿಂಗಳ ಸುಮಾರಿಗೆ ಮೂಳೆಯ ಉದ್ದಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಮುರಿತದ ಅಗಲದಲ್ಲಿ ಎಷ್ಟು ಪಾಲು ಹೊಸ ಮೂಳೆ ದಾಟಿದೆ ಎಂದು ನೋಡುತ್ತಾರೆ. ಅರ್ಧಕ್ಕಿಂತ ಹೆಚ್ಚು ದಾಟಿದ್ದರೆ ನಿಧಾನವಾಗಿ ಭಾರ ಎತ್ತಲು ಬಿಡುತ್ತಾರೆ. ಅಲ್ಲಿಯವರೆಗೆ ಗಾರೆಯ ಬಾಂಡ್ಲಿಯನ್ನು ಬೇರೆಯವರು ಎತ್ತಬೇಕು, ಬೈಕನ್ನು ಬೇರೆಯವರು ಓಡಿಸಬೇಕು, ಮನೆಯವರೂ ಮೇಸ್ತ್ರಿಯೂ ಅದಕ್ಕೆ ಒಪ್ಪಬೇಕು.